ಮುಳ್ಳಲ್ಲ, ಗಾಜು

ನನ್ನ ಎಡಗಣ್ಣು ಗಾಜಿನದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನನ್ನೆದುರು ಕುಳಿತವರು ಬಾಯಿಂದ ಏನೋ ಮಾತಾಡುತ್ತ, ಎರಡು ಕಣ್ಣುಗಳಲ್ಲಿ ಖರೆ ಯಾವುದು, ಖೊಟ್ಟಿ ಯಾವುದು ಎಂದು ಹುಡುಕುವುದರಲ್ಲೇ ಹೊತ್ತು ಕಳೆಯುತ್ತಾರೆ. ಎಡಗಡೆಯದು ಖೊಟ್ಟಿ. ಬಲಗಡೆಯದು ನನ್ನದೇ, ಆದರೆ ಅದೂ ಪೂರ್ತಿ ನನ್ನ ಮಾತು ಕೇಳುವುದಿಲ್ಲ. ಮೋಡ ಮುಸುಕಿದ ದಿನ ಅರ್ಧ ರಜೆ ಹಾಕುತ್ತದೆ. ಅಕ್ಕಿಯಲ್ಲಿ ಹರಳು ಆರಿಸಲು ಕುಳಿತರೆ ಹರಳು ಬಿಟ್ಟು ಅಕ್ಕಿಯನ್ನೇ ಎಸೆದಿರುತ್ತೇನೆ.

ಹೇಗಾಯಿತು ಎಂದು ಕೇಳಿದವರಿಗೆಲ್ಲ ನಮ್ಮ ಮನೆಯವರು ವರ್ಷಗಟ್ಟಲೆ ಒಂದೇ ಉತ್ತರ ಕೊಟ್ಟರು: ಜಾಲಿಯ ಮುಳ್ಳು ಸಿಡಿಯಿತು. ನಾನೂ ಒಂದು ತಿಂಗಳು ಬಾಯಿ ಮುಚ್ಚಿಕೊಂಡು ಅದಕ್ಕೆ ತಲೆಯಾಡಿಸಿದೆ. ಆ ತಲೆಯಾಡಿಸಿದ್ದಕ್ಕೆ ತೆತ್ತದ್ದು ಈ ಕಣ್ಣು. ದವಾಖಾನೆಯ ಬೆಂಚಿನ ಮೇಲೆ ಕುಳಿತು, ಡಾಕ್ಟರಿಗೆ ಏನು ಹೇಳಬೇಕು, ಏನು ಹೇಳಬಾರದು ಎಂದು ಮನೆಯವರು ಕಲಿಸಿದ ಪಾಠವನ್ನು ಮನಸ್ಸಿನಲ್ಲೇ ಒಪ್ಪಿಸಿಕೊಳ್ಳುತ್ತಿರುವ ಹೆಣ್ಣುಮಗಳು ಎಲ್ಲಾದರೂ ಇದ್ದರೆ ಅವಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಉಳಿದವರು ಓದಿದರೆ ಬೇಡ ಎನ್ನುವುದಿಲ್ಲ.

ನಾನು ಶಿರಹಟ್ಟಿಯ ಅಯ್ಯನವರ ಮನೆಯ ಹಿರಿಯ ಸೊಸೆ, ಹೆಸರು ನೀಲವ್ವ. ತವರು ಅಲ್ಲೇ ಹತ್ತಿರದ ಮಾಗಡಿ. ಏಳನೆಯ ಇಯತ್ತೆ ಪಾಸಾದ ಹುಡುಗಿ ಎಂದು ಹುಡುಕಿ ತಂದುಕೊಂಡಿದ್ದರು. ಮಾವ ಗುರುಪಾದಯ್ಯನವರು ನಮ್ಮ ಓಣಿಯ ಸಣ್ಣ ಗುಡಿಯ ಪೂಜೆ ಮಾಡುತ್ತಿದ್ದರು, ಕೇಳಿ ಬಂದವರಿಗೆ ಔಷಧಿಯನ್ನೂ ಕೊಡುತ್ತಿದ್ದರು. ನನ್ನ ಗಂಡ ಕನ್ನಡ ಶಾಲೆಯಲ್ಲಿ ಮಾಸ್ತರರು. ಮಾವನವರ ಔಷಧಿಗಳಲ್ಲೆಲ್ಲ ಹೆಸರಾದದ್ದು ದ್ರಾಕ್ಷಿಯ ಆಸವ. ಒಣದ್ರಾಕ್ಷಿ ಕುದಿಸಿ ಹಿಂಡಿದ ರಸಕ್ಕೆ ಬೆಲ್ಲ, ಮೆಣಸು, ದಾಲ್ಚಿನ್ನಿ ಹಾಕಿ, ಉಕ್ಕಿ ಹುಳಿಯಲೆಂದು ಧಾತಕಿಯ ಹೂವು ಸೇರಿಸುವರು. ಒಳಗೆ ತುಪ್ಪ ಸವರಿದ ಮಣ್ಣಿನ ಗಡಿಗೆಯಲ್ಲಿ ಅದನ್ನು ತುಂಬಿ, ಮುಚ್ಚಳವಿಟ್ಟು, ಹುತ್ತದ ಮಣ್ಣಿನಲ್ಲಿ ಅದ್ದಿದ ಬಟ್ಟೆಯನ್ನು ಏಳು ಸುತ್ತು ಬಿಗಿದು, ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದು, ಜೋಳದ ಕಣಜದಲ್ಲಿ ತಿಂಗಳುಗಟ್ಟಲೆ ಹುಗಿದಿಡುವರು. ಬಾಣಂತಿಯರಿಗೆ, ಕೆಮ್ಮಿನವರಿಗೆ, ಅನ್ನ ಸೇರದವರಿಗೆ ಅದು ಅಮೃತ. ಕೆಲವು ಗಂಡಸರಿಗೆ ಸಂಜೆಯಾಗುತ್ತಲೇ ಅನ್ನ ಸೇರದಂತಾಗುತ್ತಿತ್ತು, ಅವರೂ ಬರುತ್ತಿದ್ದರು.

ಸಂಸ್ಥಾನದ ಕಾಲದಲ್ಲಿ ಅಯ್ಯನವರ ಕಣಜದಲ್ಲಿ ಏನಿದೆ ಎಂದು ಯಾರೂ ಕೇಳಿರಲಿಲ್ಲ. ಸ್ವಾತಂತ್ರ್ಯ ಬಂತು, ಶಿರಹಟ್ಟಿ ಸಂಸ್ಥಾನವನ್ನು ಬಿಟ್ಟು ಮುಂಬಯಿ ಪ್ರಾಂತಕ್ಕೆ ಸೇರಿತು, ಅದರ ಬೆನ್ನಿಗೇ ಹೆಂಡ ಮಾಡುವಂತಿಲ್ಲ, ಕುಡಿಯುವಂತಿಲ್ಲ ಎಂಬ ದಾರೂಬಂದಿ ಬಂತು. ಔಷಧಿಯ ಆಸವಕ್ಕೂ ಪರವಾನಗಿ ಬೇಕಂತೆ ಎಂದು ಯಾರೋ ಹೇಳಿದರು. ಖರೆಯೋ ಸುಳ್ಳೋ, ಹೋಗಿ ಕೇಳಿ ಬರುವುದಕ್ಕೆ ಮಾವನವರ ಸ್ವಾಭಿಮಾನ ಒಪ್ಪಲಿಲ್ಲ. "ನಮ್ಮ ಮುತ್ತ್ಯಾನ ಕಾಲದಿಂದ ಮಾಡಾಕತ್ತೀವಿ. ಇವರನ್ನೇನು ಕೇಳೂದು?" ಎಂದರು. ಆದರೆ ಪೊಲೀಸ್ ಠಾಣೆಯ ಮೀಸೆಯ ಜಮಾದಾರ ನಮ್ಮ ಓಣಿಯಲ್ಲಿ ಹಾದುಹೋದರೆ ಸಾಕು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಪೂಜೆಯ ನಡುವೆಯೇ ಎದ್ದು ಬಂದು ಕಣಜದ ಕೋಣೆಯ ಚಿಲಕ ನೋಡುತ್ತಿದ್ದರು. ಇವರಿಗೆ, ಎಂದರೆ ನನ್ನ ಗಂಡನಿಗೆ, ನೌಕರಿಯ ಹೆದರಿಕೆ. ಮಾಸ್ತರನ ಮನೆಯಲ್ಲಿ ದಾರೂ ಸಿಕ್ಕಿತು ಎಂದರೆ ಶಾಲೆಗೆ ಮುಖ ತೋರಿಸುವುದು ಹೇಗೆ ಎಂದು ನನ್ನೆದುರು ಗೊಣಗುವರು, ತಂದೆಯೆದುರು ಸುಮ್ಮನಿರುವರು.

ಎರಡು ವರ್ಷ ಮೇಲಿಂದ ಮೇಲೆ ಗಡಿಗೆ ಸೋರಿ ಆಸವವೆಲ್ಲ ಜೋಳಕ್ಕೆ ಕುಡಿಸಿದಂತಾಯಿತು. ಆ ಸಿಟ್ಟಿನಲ್ಲಿರುವಾಗಲೇ ಮಾವನವರು ಬೆಟಗೇರಿಗೆ ಹೋಗಿ ಖಾದರಸಾಬರ ಅಂಗಳದಲ್ಲಿ ಆ ಭರಣಿಯನ್ನು ಕಂಡರು. ಖಾದರಸಾಬರು ನೂಲಿಗೆ ಬಣ್ಣ ಹಾಕುವವರು, ಮಾವನವರ ಔಷಧಿಯಿಂದ ಹೊಟ್ಟೆನೋವು ಕಳೆದುಕೊಂಡವರು. ಅವರಲ್ಲಿಗೆ ತೇಜಾಬ, ಎಂದರೆ ಸುಡುವ ಆಸಿಡ್ಡು, ತುಂಬಿಕೊಂಡು ಬರುತ್ತಿದ್ದ ದೊಡ್ಡ ಗಾಜಿನ ಭರಣಿ ಅದು. ಡೊಳ್ಳು ಹೊಟ್ಟೆ, ಸಣ್ಣ ಬಾಯಿ, ತಿಳಿ ಹಸಿರು ಬಣ್ಣ. ಬಂಡಿಯ ಮೇಲೆ ಹುಲ್ಲಿನಲ್ಲಿ ಸುತ್ತಿ ಅದನ್ನು ಮನೆಗೆ ತಂದಾಗ ಖಾದರಸಾಬರೂ ಜೊತೆಗೆ ಬಂದಿದ್ದರು. ಕಟ್ಟೆಯ ಮೇಲೆ ಕುಳಿತು ನೀರು ಕುಡಿದು ಅವರು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ.

"ಅಯ್ಯನೋರ, ಇದಕ್ಕ ಕಾವು ಆಗಾಂಗಿಲ್ಲ. ಬಾಯಿ ಬಿಗದ ಕಟ್ಟಬ್ಯಾಡ್ರಿ. ಬ್ಯಾಸಗ್ಯಾಗ ನಾವು ತೇಜಾಬದ ಭರಣಿಗೂ ಬೂಚು ಒಂದೀಟ ಸಡ್ಲ ಬಿಟ್ಟಿರ್ತೀವಿ."

"ಖಾದರಸಾಬ, ಬಣ್ಣದ ಮಾತು ನೀ ಹೇಳು, ನಾ ಕೇಳ್ತೀನಿ. ಆಸವದ ಮಾತು ನನಗ ಬಿಡು," ಎಂದರು ಮಾವನವರು.

"ಗಡಿಗಿ ಉಸುರಾಡತೈತ್ರಿ, ಗಾಜು ಉಸುರಾಡಾಂಗಿಲ್ಲ. ಅಷ್ಟs ನಂಗ ಗೊತ್ತಿರೂದು."

ಆ ಮಾತು ಕೇಳಿ ಮಾವನವರು ನಕ್ಕರು. ನಾನೂ ಒಳಗಿನಿಂದ ನಕ್ಕೆ. ಗಡಿಗೆಗೆ ಮೂಗಿದೆಯೇ, ಉಸಿರಾಡಲಿಕ್ಕೆ ಎಂದುಕೊಂಡೆ. ಆ ನಗೆ ಈಗಲೂ ನನ್ನನ್ನು ಚುಚ್ಚುತ್ತದೆ.

ಬೂದಿ, ಹುಣಿಸೆಹಣ್ಣು, ಬಿಸಿನೀರು ಎಂದು ಭರಣಿಯನ್ನು ನಾಲ್ಕು ದಿನ ತೊಳೆದವಳು ನಾನೇ. ನಾಲ್ಕೂ ದಿನ ಮಾವನವರು ಅದನ್ನು ಬಿಸಿಲಿಗೆ ಹಿಡಿದು ನೋಡಿದರು. ಸೋರುವುದಿಲ್ಲ, ರಸ ಕುಡಿಯುವುದಿಲ್ಲ, ಒಳಗಿನ ಬಣ್ಣ ಹೊರಗೆ ಕಾಣುತ್ತದೆ, ಇದಕ್ಕಿಂತ ಏನು ಬೇಕು? ಆಮೇಲೆ ಗಡಿಗೆಗೆ ಏನೇನು ಮಾಡುತ್ತಿದ್ದರೋ ಅದನ್ನೆಲ್ಲ ಗಾಜಿಗೂ ಮಾಡಿದರು. ಒಂದನ್ನೂ ಬಿಡಲಿಲ್ಲ. ಒಳಗೆ ತುಪ್ಪ ಸವರಿದರು, ಬಾಯಿಗೆ ಮರದ ಬೂಚು ಬಡಿದರು, ಮಣ್ಣಿನ ಬಟ್ಟೆ ಏಳು ಸುತ್ತು. ಹೊಸ ಪಾತ್ರೆಯಲ್ಲವೇ, ಇನ್ನೂ ಭದ್ರವಿರಲಿ ಎಂದು ಮೇಲೆ ಅರಗನ್ನೂ ಸುರಿದರು. ವಿಭೂತಿಯ ಮೂರು ಗೆರೆ ಎಳೆದು ಕಣಜದಲ್ಲಿ ಹುಗಿದರು. ಮಣ್ಣಿನ ಸಣ್ಣ ಸಣ್ಣ ತೂತುಗಳಿಂದ ಮುತ್ತಜ್ಜನ ಕಾಲದಿಂದಲೂ ಏನೋ ಹೊರಗೆ ಹೋಗುತ್ತಿತ್ತು, ಅದಕ್ಕೇ ಅಷ್ಟು ಬಿಗಿದರೂ ಗಡಿಗೆ ತಡೆಯುತ್ತಿತ್ತು ಎಂಬುದು ನಮ್ಮ ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಹದಿನೆಂಟನೆಯ ದಿನ ಮುಂಜಾನೆ ಬೀಸಲಿಕ್ಕೆ ಜೋಳ ತರಲು ನಾನು ಕಣಜದ ಕೋಣೆಗೆ ಹೋದೆ. ಯುಗಾದಿ ಹತ್ತಿರ ಬಂದಿತ್ತು, ಹಂಚಿನ ಕೆಳಗೆ ಆಗಲೇ ಧಗೆ. ಕಣಜದ ಅಂಚಿನ ಮೇಲೆ ಬಗ್ಗಿ ಸೇರಿನಿಂದ ಜೋಳ ತೆಗೆಯುತ್ತಿರುವಾಗ ಒಳಗೆಲ್ಲೋ ಕುಂಯ್ ಎಂಬ ಸಣ್ಣ ದನಿ ಕೇಳಿತು. ಇಲಿಮರಿ ಇರಬೇಕೆಂದು ಇನ್ನಷ್ಟು ಬಗ್ಗಿದೆ. ಸೇರು ಭರಣಿಗೆ ತಾಗಿತೋ ಇಲ್ಲವೋ, ದೇವರಾಣೆಗೂ ನನಗೆ ಗೊತ್ತಿಲ್ಲ. ಸದ್ದು ಕೇಳಿದ್ದೂ ಸರಿಯಾಗಿ ನೆನಪಿಲ್ಲ. ಮುಖದ ಮೇಲೆ ಬೆಚ್ಚಗೆ ಏನೋ ಎರಚಿತು. ಜೋಳ, ಬೆಲ್ಲದ ವಾಸನೆ, ಆಮೇಲೆ ನೆಲ.

ಮೊದಲು ಓಡಿಬಂದವರು ಮಾವನವರು. ನನ್ನ ಎಡಗಣ್ಣಿನ ಮೇಲೆ ನನ್ನದೇ ಅಂಗೈ, ಬೆರಳ ಸಂದಿಯಿಂದ ನೆತ್ತರು. ಅವರು ನನ್ನನ್ನು ನೋಡಿದರು, ಒಡೆದ ಭರಣಿಯನ್ನು ನೋಡಿದರು, ಆಮೇಲೆ ಬೀದಿಯ ಕಡೆ ನೋಡಿ ಕೂಗಿದರು:

"ಬಾಗಲಾ ಹಾಕ್ರಿ! ಮದಲ ಬಾಗಲಾ ಹಾಕ್ರಿ, ವಾಸನಿ ಹೊರಗ ಹೋದೀತು!"

ಅತ್ತೆ ಬಾಗಿಲು ಹಾಕಿದರು. ಕಿಟಕಿಯನ್ನೂ ಹಾಕಿದರು. ಆಮೇಲೆ ನನ್ನ ಹತ್ತಿರ ಬಂದರು.

ಒಂಬತ್ತು ದಿನ ನನ್ನನ್ನು ಮನೆಯಲ್ಲೇ ಇಟ್ಟುಕೊಂಡರು. ಕಂಡ ಚೂರುಗಳನ್ನು ಮಾವನವರೇ ತೆಗೆದರು. ನಂದಿಬಟ್ಟಲ ಹೂವಿನ ರಸ ಹಿಂಡಿದರು, ಬಾಣಂತಿಯೊಬ್ಬಳಿಂದ ಹಾಲು ತರಿಸಿ ಹಾಕಿದರು. ಅವರ ಕೈ ಮೆತ್ತಗಿತ್ತು, ಅದನ್ನು ನಾನು ಇಲ್ಲ ಎನ್ನುವುದಿಲ್ಲ. ಕಣ್ಣು ತೊಳೆಯುವಾಗ ಅವರ ಗಂಟಲು ಗದ್ಗದವಾಗುತ್ತಿತ್ತು. ಆದರೆ ಮಾತಾಡಿಸಲು ಬಂದ ಓಣಿಯವರಿಗೆ "ಕಟಗಿ ಮುರಿಯೋ ಮುಂದ ಜಾಲಿಮುಳ್ಳ ಸಿಡದೈತಿ" ಎಂದು ಹೇಳುವಾಗ ಆ ಗಂಟಲು ಖಣಖಣ ಎನ್ನುತ್ತಿತ್ತು. ಹತ್ತನೆಯ ದಿನ ಕೀವು ಕಟ್ಟಿ ಅರ್ಧ ಮುಖ ಬಾತಾಗ ಇವರು ತಡೆಯಲಾರದೆ ಗದಗಿಗೆ ಕರೆದುಕೊಂಡು ಹೊರಟರು. ಮೋಟಾರು ಹತ್ತಿಸಲು ಬಂದ ಮಾವನವರು ಮಗನಿಗೆ ಹೇಳಿದ ಮಾತು ನನಗೂ ಕೇಳಿಸಿತು. "ಮುಳ್ಳು ಅಂತ ಹೇಳು. ದವಾಖಾನ್ಯಾಗ ಎಲ್ಲಾ ಬರಕೋತಾರ. ನೌಕರಿ ನಿಂದು, ವಿಚಾರ ಮಾಡು."

ಗದಗಿನ ಆ ದವಾಖಾನೆಯ ಪಡಸಾಲೆಯ ಬೆಂಚು ನನಗೆ ಮನೆಯ ಕಟ್ಟೆಯಷ್ಟೇ ಪರಿಚಯ. ಕೂತು ಕೂತು ನುಣುಪಾದ ಉದ್ದನೆಯ ಬೆಂಚು. ಒಂದು ತುದಿಯವರು ಎದ್ದರೆ ಎಲ್ಲರೂ ಸರಿಯಬೇಕು. ಲಕ್ಷ್ಮೇಶ್ವರದವರು, ಮುಂಡರಗಿಯವರು, ಯಾವ ಯಾವುದೋ ಹಳ್ಳಿಯವರು, ಎಲ್ಲರಿಗೂ ಕಣ್ಣಿಗೆ ಪಟ್ಟಿ. ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ಉಳಿದ ಕಣ್ಣಿನಿಂದ ನೋಡುತ್ತ, ತನ್ನದು ಅಷ್ಟು ಕೆಟ್ಟಿಲ್ಲ ಎಂದು ಸಮಾಧಾನ ಮಾಡಿಕೊಳ್ಳುವ ಜಾಗ. ನಾನೂ ಮಾಡಿಕೊಂಡಿದ್ದೇನೆ, ಸುಳ್ಳೇಕೆ ಹೇಳಲಿ.

ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. "ಏನ ಹತ್ತಿತ್ತು?" ಎಂದು ನನ್ನನ್ನೇ ಕೇಳಿದರು. ಉತ್ತರ ಇವರು ಕೊಟ್ಟರು. "ಜಾಲಿಮುಳ್ಳ ರೀ ಸಾಹೇಬ್ರ." ಡಾಕ್ಟರು ಮತ್ತೆ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಮುಳ್ಳಿಗೆ ಏನು ಮಾಡಬೇಕೋ ಅದನ್ನು ಅವರು ಮಾಡಿದರು. ತೊಳೆದರು, ಔಷಧಿ ಹಾಕಿದರು, ಪಟ್ಟಿ ಕಟ್ಟಿದರು, ವಾರಕ್ಕೊಮ್ಮೆ ಬರಲು ಹೇಳಿದರು. ಬಾವು ಇಳಿಯಿತು. ಆದರೆ ಕಣ್ಣಿನಾಳದಲ್ಲಿ ಕೆಂಡ ಆರಲಿಲ್ಲ. ಮುಂದಿನ ವಾರ ಹೋದಾಗ ಡಾಕ್ಟರು ಹುಬ್ಬು ಗಂಟಿಕ್ಕಿ, "ಮುಳ್ಳಿಗೆ ಇಷ್ಟು ದಿನಾ ಯಾಕ?" ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಇವರು ಗೋಡೆಯ ಕಡೆ ನೋಡುತ್ತ ನಿಂತಿದ್ದರು.

ಇನ್ನೂ ಎರಡು ವಾರ ಕಳೆದ ಮೇಲೆ ಒಂದು ಮುಂಜಾನೆ ಒಲೆಯ ಉರಿ ನೋಡಲಾಗದೆ ಬಲಗಣ್ಣು ಮುಚ್ಚಿಕೊಂಡೆ. ಎಡಗಣ್ಣಲ್ಲ, ಬಲಗಣ್ಣು. ಏನೂ ಹತ್ತದ, ನೆಟ್ಟಗಿದ್ದ ಕಣ್ಣು. ನೀರು ಸುರಿಯತೊಡಗಿತು. ರೊಟ್ಟಿಯ ಅಂಚು ಎಲ್ಲಿ, ಹಂಚಿನ ಅಂಚು ಎಲ್ಲಿ ತಿಳಿಯಲಿಲ್ಲ. ಅತ್ತೆಯ ಮುಖಕ್ಕೆ ಹೊಗೆ ಸುತ್ತಿದ ಹಾಗಿತ್ತು. ಒಂದು ಕಣ್ಣು ಹೋದೀತು ಎಂಬುದಕ್ಕೆ ನಾನು ಆಗಲೇ ಒಗ್ಗಿಕೊಂಡಿದ್ದೆ. ಎರಡೂ ಹೋದರೆ? ಮಕ್ಕಳಿಲ್ಲದ, ಕುರುಡಿ ಸೊಸೆ. ನನಗಾಗ ಇಪ್ಪತ್ನಾಲ್ಕು ವರ್ಷ.

ಮರುದಿನ ಮತ್ತೆ ಅದೇ ಬೆಂಚು. ನನ್ನ ಪಕ್ಕದಲ್ಲಿ ಹಿರೇಹಂದಿಗೋಳದ ಫಕೀರವ್ವ ಎಂಬ ಹೆಂಗಸು ಕುಳಿತಿದ್ದಳು. ನಲವತ್ತರ ಆಸುಪಾಸು, ಬಲಗಣ್ಣಿಗೆ ಪಟ್ಟಿ, ಮಡಿಲಲ್ಲಿ ರೊಟ್ಟಿಯ ಗಂಟು. ಪರಿಚಯವಿಲ್ಲದಿದ್ದರೂ ಗಂಟು ಬಿಚ್ಚಿ ಅರ್ಧ ರೊಟ್ಟಿ ನನ್ನ ಕೈಯಲ್ಲಿಟ್ಟಳು. ನನಗೆ ಮುಳ್ಳು ಸಿಡಿಯಿತು ಎಂದು ಹೇಳಿ, ನಿಮ್ಮ ಕಣ್ಣಿಗೆ ಏನಾಯಿತು ಎಂದು ನಾನು ಕೇಳಿದ್ದಕ್ಕೆ, ಪಡಸಾಲೆಗೆಲ್ಲ ಕೇಳುವಂತೆ ಹೇಳಿದಳು.

"ನನ ಗಂಡ ಬಾರಕೋಲ ತೊಗೊಂಡ ಹೊಡದಾನವ್ವ. ಡಾಕ್ಟರಗೂ ಹಂಗs ಹೇಳೀನಿ. ಅಗಾ, ಹೊರಗ ಬೀಡಿ ಸೇದ್ಕೋತ ಕುಂತಾನ ನೋಡು."

"ನಾಚಿಕಿ ಆಗ್ಲಿಲ್ಲೇನ ಬೇ?" ಎಂದೆ. ಇವರು ಬೆಂಚಿನ ಆ ಕಡೆ ಇದ್ದರು.

"ನಾಚಿಕಿ ಅವಗಾಗ್ಲಿ, ಕಣ್ಣ ನಂದು. ಸಂಸಾರ ಗುಟ್ಟು, ವ್ಯಾಧಿ ರಟ್ಟು ಅಂತಾರ. ನಂದು ಸಂಸಾರನೂ ರಟ್ಟs ಆಗೇತಿ, ಹೋಗ್ಲತ್ತ." ಹೇಳಿ ನಕ್ಕಳು. ಆಮೇಲೆ ನನ್ನ ಮುಖವನ್ನು ಹತ್ತಿರದಿಂದ ನೋಡಿ ದನಿ ತಗ್ಗಿಸಿದಳು. "ನಿಂಗ ಖರೇ ಏನಾಗೇತಿ ತಂಗಿ? ಮುಳ್ಳ ಅಂತ ಹೇಳಿದಿ. ಮುಳ್ಳ ಚುಚ್ಚಿದಾಕಿ ಹಿಂಗ ಗಂಡನ ಮಾರಿ ನೋಡಿ ಮಾತಾಡಾಂಗಿಲ್ಲ."

ಅಷ್ಟರಲ್ಲಿ ನನ್ನ ಹೆಸರು ಕೂಗಿದರು, ಉಳಿದ ರೊಟ್ಟಿಯನ್ನು ಸೆರಗಿಗೆ ಕಟ್ಟಿಕೊಂಡು ಎದ್ದೆ.

ಒಳಗೆ ಡಾಕ್ಟರು ಬಲಗಣ್ಣಿಗೆ ದೀಪ ಹಿಡಿದರು. ತುಂಬ ಹೊತ್ತು ನೋಡಿದರು. ಕೈ ಇಳಿಸಿ ಕುರ್ಚಿಯಲ್ಲಿ ಕುಳಿತು ಕೇಳಿದರು. "ಖರೇ ಹೇಳ್ರಿ. ಮುಳ್ಳs ಏನು?"

ಮೇಜಿನ ಕೆಳಗೆ ಇವರ ಪಾದ ನನ್ನ ಪಾದವನ್ನು ಒತ್ತಿತು. ಮದುವೆಯಾದ ಎಂಟು ವರ್ಷದಲ್ಲಿ ನಾಲ್ಕು ಜನರೆದುರು ಅವರು ನನ್ನನ್ನು ಮುಟ್ಟಿದ್ದು ಅದೊಂದೇ ಸಲ.

"ಮುಳ್ಳಲ್ರಿ," ಎಂದೆ. "ಗಾಜು. ಗಾಜಿನ ಭರಣಿ ಒಡದ ಸಿಡೀತ್ರಿ. ಒಳಗ ಆಸವಾ ಇತ್ತು."

ಯಾರೂ ಪೊಲೀಸರನ್ನು ಕರೆಯಲಿಲ್ಲ. ಡಾಕ್ಟರು ಆಸವದ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಎಷ್ಟ ದಿನಾತು?" ಎಂದರು. ಮೂವತ್ತಮೂರು ಎಂದೆ. ಅವರು ಇವರ ಕಡೆ ತಿರುಗಿ, ಬೈಯದೆ, ಬಹಳ ಮೆಲ್ಲಗೆ ಹೇಳಿದರು. "ಮಾಸ್ತರ, ಗಾಜಿನ ಚೂರು ಒಳಗs ಐತಿ. ಆ ಕಣ್ಣು ತಾ ಕೆಟ್ಟಿದ್ದಲ್ದ ಈ ಕಣ್ಣನ್ನೂ ಜೋಡಿ ಕರಕೊಂಡು ಹೊಂಟೈತಿ. ಅದನ್ನ ಈಗ ತಗೀಬೇಕು. ಇದು ಉಳೀತೈತಿ ಅಂತ ನಾ ಮಾತ ಕೊಡಾಂಗಿಲ್ಲ."

"ಮದಲ ದಿನಾನ ಹೇಳಿದ್ರ?" ಎಂದು ಕೇಳಿದೆ.

"ಈಗ ಆ ಮಾತ ಬ್ಯಾಡವ್ವ," ಎಂದರು ಡಾಕ್ಟರು. ಆ ಉತ್ತರದ ಅರ್ಥ ನನಗಾಯಿತು, ಇವರಿಗೂ ಆಯಿತು. ಇವರು ಹೊರಗೆ ಹೋಗಿ ಬೆಂಚಿನ ಮೇಲೆ ಮುಖ ಮುಚ್ಚಿಕೊಂಡು ಕುಳಿತರಂತೆ. ಫಕೀರವ್ವನ ಗಂಡ ಅವರಿಗೆ ಬೀಡಿ ಕೊಡಲು ಹೋದನಂತೆ. ಸರಿಯಾದ ಜೋಡಿ ಎಂದುಕೊಂಡೆ.

ಎಡಗಣ್ಣು ತೆಗೆದರು. ಬಲಗಣ್ಣಿಗೂ ಪಟ್ಟಿ ಕಟ್ಟಿ ಮೂರು ವಾರ ಕತ್ತಲೆಯಲ್ಲಿ ಮಲಗಿಸಿದರು. ಆ ಮೂರು ವಾರ ನಾನು ಕಿವಿಯಿಂದ ಬದುಕಿದೆ. ದೂರದ ಮಗ್ಗಗಳ ಸದ್ದು ಶುರುವಾದರೆ ಬೆಳಗಾಯಿತು, ನಿಂತರೆ ಸಂಜೆಯಾಯಿತು. ನರ್ಸಮ್ಮ ಬರುವಾಗ ದೂರದಿಂದಲೇ "ನಾ ಬಂದೆ ನೀಲವ್ವ" ಎಂದು ಹೇಳಿಕೊಂಡು ಬರುತ್ತಿದ್ದಳು, ಕತ್ತಲಲ್ಲಿ ಯಾರೋ ಮುಟ್ಟಿದರೆಂದು ನಾನು ಬೆಚ್ಚಬಾರದೆಂದು. ಅಷ್ಟು ಸಣ್ಣ ದಯೆ ನನ್ನ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಫಕೀರವ್ವ ತನ್ನ ಪಾಳಿಯ ದಿನ ಬಂದು ನನ್ನ ಜಡೆ ಹೆಣೆದು ಹೋಗುತ್ತಿದ್ದಳು. ಒಂದು ದಿನ ನೀಲಿಯ ವಾಸನೆ ಬಂತು. ಖಾದರಸಾಬರು ಎಂದು ಗೊತ್ತಾಯಿತು. ಅವರ ಕೈಗೆ, ಬಟ್ಟೆಗೆ ಹತ್ತಿದ ಬಣ್ಣ ಎಂದೂ ಹೋಗುತ್ತಿರಲಿಲ್ಲ.

"ನನ್ನ ಅಂಗಳದ್ದs ಭರಣಿ ಅವ್ವಾ," ಎಂದರು. ಅವರು ಅಳುವುದು ಕೇಳಿಸಿತು.

"ನೀವು ಹೇಳಿದ್ರಿ, ನಾವು ನಕ್ವಿ," ಎಂದೆ.

ತಪ್ಪಿಲ್ಲದವರು ಬಂದು ಅತ್ತು ಹೋದರು. ಮಾವನವರು ಒಂದು ದಿನವೂ ಬರಲಿಲ್ಲ.

ಪಟ್ಟಿ ಬಿಚ್ಚಿದ ದಿನ ಬಲಗಣ್ಣಿಗೆ ಕಂಡದ್ದು ಬೆಳಕು, ಅದರ ನಡುವೆ ಒಂದು ಕಪ್ಪು ಕಂಬ. ಕಂಬ ಮಾತಾಡಿತು, ಅದು ಡಾಕ್ಟರು. ಅಲ್ಲಿಂದ ನನ್ನನ್ನು ತವರಿಗೆ ಕಳಿಸಿದರು. ತಿಂಗಳುಗಳು ಕಳೆದರೂ ಕಂಬ ಮನುಷ್ಯನಾಗಲಿಲ್ಲ. ಅವ್ವ ದಿನವೂ ನನ್ನ ಕೈ ಹಿಡಿದು ಕೆರೆಯ ದಂಡೆಗೆ ಕರೆದೊಯ್ದು ಕೂರಿಸುತ್ತಿದ್ದಳು. ಚಳಿ ಬಿದ್ದು, ವರ್ಷವೂ ಆ ಕೆರೆಗೆ ಬರುವ ಹಕ್ಕಿಗಳು ಬಂದಾಗ ನೀರಿನ ಮೇಲೆ ಒಂದು ಬೂದು ಕಲೆ ಮಾತ್ರ ಕಂಡಿತು. ಕೆಲವು ದಿನ ಕಳೆದ ಮೇಲೆ ಕಲೆ ಅಲುಗಾಡಿತು. ಇನ್ನೂ ಕೆಲವು ದಿನಕ್ಕೆ ಕಲೆಯೊಳಗಿಂದ ಒಂದು ಹಕ್ಕಿ ಬೇರೆಯಾಗಿ ಎದ್ದು ಹಾರಿತು. ರೆಕ್ಕೆ ಎರಡು ಕಂಡವು. ನಾನು ಅವ್ವನನ್ನು ತಬ್ಬಿಕೊಂಡು ಅತ್ತೆ. ಗಾಜಿನ ಕಣ್ಣು ಅಳುವುದಿಲ್ಲ ಎಂಬುದು ಆಮೇಲೆ ತಿಳಿದದ್ದು, ಏಕೆಂದರೆ ಅದನ್ನು ಹಾಕಿದ್ದು ಅದಾದ ಬಳಿಕ. ಗಾಜು ಕಿತ್ತ ಜಾಗಕ್ಕೆ ಗಾಜನ್ನೇ ತುಂಬಿದರು. ದಿನವೂ ತೆಗೆದು ತೊಳೆದು ಮತ್ತೆ ಇಟ್ಟುಕೊಳ್ಳುತ್ತೇನೆ.

ಶಿರಹಟ್ಟಿಗೆ ತಿರುಗಿ ಹೋದೆ. ಯಾಕೆ ಹೋದೆ ಎಂದು ಕೇಳುವವರಿಗೆ ಬೇರೆಲ್ಲಿಗೆ ಹೋಗಬೇಕಿತ್ತು ಎಂದು ಕೇಳುತ್ತೇನೆ. ಇವರು ನನಗೆ ಸೂಜಿ ಪೋಣಿಸಿಕೊಡುವರು, ಮೆಟ್ಟಿಲ ಹತ್ತಿರ ಕೈ ಚಾಚುವರು. ತಪ್ಪಾಯಿತು ಎಂದು ಮಾತ್ರ ಈವರೆಗೆ ಅಂದಿಲ್ಲ. ಮಾವನವರು ಎರಡು ವರ್ಷ ನನ್ನೊಡನೆ ಮಾತು ಬಿಟ್ಟರು. "ಮನಿ ಮಾತು ಬೀದಿಗಿಟ್ಟಳು" ಎಂದು ಅತ್ತೆಯ ಮುಂದೆ ಅಂದದ್ದು ನನ್ನ ಕಿವಿಗೆ ಬೀಳಲೆಂದೇ ಅಂದದ್ದು. ಅದಕ್ಕೂ ಮುಂದಕ್ಕೆ ಹೋಗಿ ಇನ್ನೊಂದು ಮಾತು ಹುಟ್ಟಿಸಿಕೊಂಡರು. ಭರಣಿ ತಾನಾಗಿ ಒಡೆಯಲಿಲ್ಲ, ಸೊಸೆ ಸೇರು ಬಡಿದಳು. ಗಾಜಿನ ದೋಷವಲ್ಲ, ಮಣ್ಣಿನ ಬಟ್ಟೆಯ ದೋಷವಲ್ಲ, ಹೆಂಗಸಿನ ಕೈಯ ದೋಷ. ಗಡಿಗೆಯ ಆಸವ ಬಾಯಿಗಿಟ್ಟಾಗಲೆಲ್ಲ "ಗಾಜಿನ್ಯಾಗ ಮಾಡಿದ್ರ ಇದರ ಮಾತs ಬ್ಯಾರೆ ಇರ್ತಿತ್ತು" ಎಂದು ನಿಟ್ಟುಸಿರು ಬಿಡುವರು. ನಾನು ಕೇಳಿಸಿಕೊಂಡು ಗಾಜಿನ ಕಣ್ಣಿನಿಂದ ಅವರನ್ನು ನೋಡುವೆ. ಅದೊಂದು ಅನುಕೂಲ ಇದೆ ಅದರಿಂದ. ರೆಪ್ಪೆ ಬಡಿಯದೆ ನೋಡಬಹುದು, ಎದುರಿನವರೇ ಮುಖ ತಿರುಗಿಸುತ್ತಾರೆ.

ಕನ್ನಡದವರ ರಾಜ್ಯವೆಲ್ಲ ಒಂದಾದ ದಿನ ಊರಿನಲ್ಲಿ ಶಾಲೆಯ ಮಕ್ಕಳ ಮೆರವಣಿಗೆ ಇತ್ತು. ದೀಪಾವಳಿಯೂ ಕೂಡಿ ಬಂದಿತ್ತು. ಇವರು ಮುಂಜಾನೆಯೇ ಶಾಲೆಗೆ ಹೋಗಿದ್ದರು. ಮೈದುನನ ಹೆಂಡತಿ ಗಂಗವ್ವ, ಮದುವೆಯಾಗಿ ಆರು ತಿಂಗಳಾಗಿತ್ತು, ಜೋಳ ತರಲು ಕಣಜದ ಕೋಣೆಗೆ ಹೋದವಳು ಖಾಲಿ ಮೊರ ಹಿಡಿದು ತಿರುಗಿ ಬಂದಳು.

"ಅಕ್ಕಾರ, ಕಣಜದಾಗ ಏನೋ ಕುಂಯ್ ಅನ್ನಾಕತ್ತೈತ್ರಿ. ಇಲಿಮರಿ ಇರಬೇಕು. ಬಗ್ಗಿ ನೋಡ್ಲೇನ್ರಿ?"

ನನ್ನ ಕೈಯಿಂದ ಲಟ್ಟಣಿಗೆ ಬಿತ್ತು. ಅವಳ ರಟ್ಟೆ ಹಿಡಿದು ಹಿತ್ತಲಿಗೆ ನೂಕಿದೆ. ಕೋಣೆಯ ಬಾಗಿಲಲ್ಲಿ ನಿಂತು ನೋಡಿದರೆ ಜೋಳದ ಮೇಲೆ ಅರಗಿನ ಕುತ್ತಿಗೆ, ಅದಕ್ಕೆ ಏಳು ಸುತ್ತು ಬಟ್ಟೆ, ವಿಭೂತಿಯ ಮೂರು ಗೆರೆ. ಮಾವನವರು ಎಲ್ಲಿಂದಲೋ ಇನ್ನೊಂದು ಗಾಜಿನ ಭರಣಿ ತಂದು, ಯಾರಿಗೂ ಹೇಳದೆ ಹುಗಿದಿದ್ದರು. ತಮ್ಮ ಗಾಜು ತಪ್ಪು ಮಾಡಿಲ್ಲ ಎಂದು ತೋರಿಸಲೇಬೇಕಿತ್ತು ಅವರಿಗೆ. ತೋರಿಸಲು ಗಂಗವ್ವನ ಮುಖವನ್ನು ಪಣಕ್ಕಿಟ್ಟಿದ್ದೇನೆ ಎಂಬ ಎಚ್ಚರವೂ ಇರಲಿಲ್ಲ.

ಎರಡು ಕೌದಿಗಳನ್ನು ನೀರಲ್ಲಿ ಅದ್ದಿದೆ. ಒಂದನ್ನು ಭರಣಿಯ ಮೇಲೆ ಎಸೆದೆ, ಇನ್ನೊಂದನ್ನು ಮೈಗೆ ಸುತ್ತಿಕೊಂಡೆ. ಎಡಗಡೆಯ ಮುಖವನ್ನು ಭರಣಿಯ ಕಡೆ ತಿರುಗಿಸಿದೆ. ಹೋಗುವುದಾದರೆ ಖೊಟ್ಟಿ ಕಣ್ಣೇ ಮೊದಲು ಹೋಗಲಿ. ನನಗೆ ಉಳಿದದ್ದು ಒಂದು ಕಣ್ಣು, ಅದೂ ಅರೆಬರೆ. ಅದನ್ನೂ ಮಾವನವರ ಆಸವಕ್ಕೆ ಕೊಡುತ್ತೇನೋ ಏನೋ ಎಂದು ಸಿಟ್ಟಿನಲ್ಲಿ ಹಲ್ಲು ಕಚ್ಚಿದೆ. ಕೌದಿಯ ಮೇಲಿಂದಲೇ ಈಳಿಗೆಯ ತುದಿಯಿಂದ ಅರಗು ಒಡೆದು, ಬಟ್ಟೆ ಹರಿದು, ಬೂಚಿನ ಪಕ್ಕಕ್ಕೆ ಚುಚ್ಚಿದೆ. ಬುಸ್ ಎಂದು ಉಸಿರು ಬಿಟ್ಟಿತು. ಕೌದಿ ತೊಯ್ದು ನೊರೆ ಜೋಳದ ಮೇಲೆ ಹರಿಯಿತು. ಭರಣಿ ಒಡೆಯಲಿಲ್ಲ.

ಆಮೇಲೆ ಕೋಣೆಯ ಕಿಟಕಿ ತೆರೆದೆ, ನಡುಮನೆಯ ಬಾಗಿಲು ತೆರೆದೆ, ಬೀದಿಯ ಬಾಗಿಲನ್ನು ಎರಡೂ ಕದ ಗೋಡೆಗೆ ತಾಗುವಂತೆ ತೆರೆದೆ. ಬೆಲ್ಲ, ದ್ರಾಕ್ಷಿ, ಹುಳಿಯ ವಾಸನೆ ಓಣಿಗೆಲ್ಲ ಹರಡಿತು. ಮಾವನವರು ಪೂಜೆಯ ಮಣೆಯಿಂದ ಎದ್ದು ಬಂದರು.

"ಬಾಗಲಾ ಹಾಕ! ಓಣ್ಯಾಗ ಮಂದಿ ಐತಿ, ಬಾಗಲಾ ಹಾಕ!"

"ಹಾಕಾಂಗಿಲ್ರಿ ಮಾವಾರ," ಎಂದೆ. ಏಳು ವರ್ಷದಲ್ಲಿ ಅವರಿಗೆ ನಾನು ನೇರವಾಗಿ ಆಡಿದ ಮೊದಲ ಮಾತು ಅದು. "ಅವತ್ತ ಹಾಕಿದ್ದ ಸಾಕು."

ಮೆರವಣಿಗೆಯ ಮುಂದೆ ನಡೆಯುತ್ತಿದ್ದ ಜಮಾದಾರ ನಮ್ಮ ಬಾಗಿಲಲ್ಲಿ ನಿಂತ. ಹತ್ತೂರು ತಿರುಗಿ ಪೆನ್ಶನ್ ಹತ್ತಿರ ಬಂದಾಗ ನಮ್ಮೂರಿಗೇ ಮರಳಿದ್ದ ಅದೇ ಮನುಷ್ಯ, ಮೀಸೆ ಈಗ ಬಿಳಿ. ಮಾವನವರು ಗೋಡೆ ಹಿಡಿದರು. ಜಮಾದಾರ ಮೂಗು ಎತ್ತಿ ಒಮ್ಮೆ ಉಸಿರೆಳೆದು ಮುಖ ಅರಳಿಸಿದ.

"ಅಯ್ಯನೋರ, ಈ ಸಲದ್ದು ಭಾಳ ಚಲೋ ಬಂದಂಗೈತಲ್ರಿ! ನಮ್ಮ ಸೊಸಿ ಬಾಣಂತನಕ್ಕ ಒಂದ ಬಾಟ್ಲಿ ತಗದ ಇಡ್ರಿ. ಆವಾಗ ನಮ್ಮನಿಯಾಕಿ ಎದ್ದ ಓಡ್ಯಾಡಿದ್ದು ನಿಮ್ಮ ಆಸವದಿಂದನs."

ನಾನೇ ಕೇಳಿದೆ. "ನಿಮಗ ಗೊತ್ತಿತ್ತೇನ್ರಿ, ಆವಾಗಿಂದ?"

"ಊರಿಗೆಲ್ಲಾ ಗೊತ್ತಲ್ರಿ ಯವ್ವಾ, ಔಷಧಿ ಅದು. ಅದಕ್ಯಾರು ಕೇಳ್ತಾರ?" ಎಂದು ನಕ್ಕ. ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದ. "ನಿಮ್ಮ ಕಣ್ಣಿಗೆ ಮುಳ್ಳ ಹತ್ತಿತ್ತಂತಲ್ರಿ ಆವಾಗ?"

"ಮುಳ್ಳಲ್ರಿ, ಗಾಜು," ಎಂದೆ. "ನೀವು ಹಿಡೀತೀರಿ ಅಂತ ಅಂಜಿ ಮುಳ್ಳು ಅಂದಿದ್ರು."

ಅವನು ಮಾವನವರನ್ನು ನೋಡಿದ. ಟೊಪ್ಪಿಗೆ ತೆಗೆದು ಮತ್ತೆ ತಲೆಗಿಟ್ಟುಕೊಂಡು ಮೆರವಣಿಗೆಯ ಹಿಂದೆ ಹೋದ.

ಕಣ್ಣಿನ ಗೂಡಿನಲ್ಲಿ ನೊರೆ ಸಿಡಿದು ಉರಿಯುತ್ತಿತ್ತು. ಅಂಗಳದ ಕಲ್ಲಿನ ಹತ್ತಿರ ಕುಳಿತು ಗಾಜಿನ ಕಣ್ಣು ತೆಗೆದು ಅಂಗೈಯಲ್ಲಿಟ್ಟುಕೊಂಡೆ. ಮಾವನವರು ಹಿಂದೆ ಬಂದು ನಿಂತದ್ದು ನೆರಳಿನಿಂದ ತಿಳಿಯಿತು. ನನ್ನ ಕಣ್ಣಿಲ್ಲದ ಮುಖವನ್ನು ಅವರು ನೋಡಿದ್ದು ಅದೇ ಮೊದಲು. ಹಂಡೆಯಿಂದ ತಂಬಿಗೆ ತುಂಬಿ ತಂದು ನನ್ನ ಅಂಗೈಗೆ ನೀರು ಹಾಕಿದರು. ಅರ್ಧ ನೀರು ನೆಲಕ್ಕೆ ಹೋಯಿತು. ಇನ್ನೊಂದು ತಂಬಿಗೆ ತಂದರು. ತಪ್ಪಾಯಿತು ಎಂದು ಅವರು ಅನ್ನಲಿಲ್ಲ, ಇರಲಿ ಬಿಡಿ ಎಂದು ನಾನೂ ಅನ್ನಲಿಲ್ಲ. ಕಣ್ಣು ತೊಳೆದು ಅದರ ಜಾಗಕ್ಕೆ ಇಟ್ಟುಕೊಂಡು, ಗಂಗವ್ವನಿಗೆ ಜೋಳ ತರಲು ಹೇಳಿದೆ.